ಬರ್ತೀನಿ ಅಂದ ಮೇಲೆ

ಮೆತ್ತಗೆ... ಮೆತ್ತಗೆ ಮಾತಾಡೇ. ಆ ಬಾಗಿಲು ಸ್ವಲ್ಪ ಮುಂದಕ್ಕೆ ತಳ್ಳು. ಪೂರ್ತಿ ಹಾಕ್ಬೇಡ, ಚಿಲಕದ ಸದ್ದಿಗೆ ದೊಡ್ಡಮ್ಮ ಎದ್ಬಿಡ್ತಾಳೆ.

ಶನಿವಾರದ ಟ್ರಿಪ್ಪಿಗೆ ಅವಳನ್ನೂ ಕರ್ಕೊಂಡು ಹೋಗೋಣ, ಕಾರಲ್ಲಿ ಹೆಂಗೂ ಒಂದು ಸೀಟು ಖಾಲಿ ಇದೆ ಅಂದ್ಯಲ್ಲ ಊಟಕ್ಕೆ ಕೂತಾಗ... ಎಲ್ಲರ ಕೈಯೂ ತಟ್ಟೇಲೇ ನಿಂತೋಯ್ತು, ನೋಡಿದ್ಯಾ? ನಿನ್ನ ತಪ್ಪಲ್ಲ ಬಿಡು. ನೀನು ಈ ಮನೆತನಕ್ಕೆ ಸೊಸೆಯಾಗಿ ಬಂದು ತಿಂಗಳೂ ಆಗಿಲ್ಲ. ನಿನ್ನ ಗಂಡ ಹೇಳ್ಬೇಕಿತ್ತು. ನನ್ನ ತಮ್ಮ ಅಂತ ಹೇಳ್ತಿಲ್ಲ, ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತೆ ಅಂದ್ಕೊಂಡಿದಾನೆ ಮಹಾಶಯ. ಸರಿ, ನಾನೇ ಹೇಳ್ತೀನಿ. ಮಧ್ಯೆ ನಗಬೇಡ. ನಗೋ ಹಂಗಿದ್ರೆ ಈಗಲೇ ಎದ್ದು ಮಲಕ್ಕೋ.

ಇದು ದೊಡ್ಡಮ್ಮನ ಮಗನಿಗೇ ಆಗಿದ್ದು, ಅದೇ ನಮ್ಮ ಲಿಫ್ಟಣ್ಣನಿಗೆ. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಲಿಫ್ಟು ಕೆಟ್ರೆ ಹೋಗಿ ರಿಪೇರಿ ಮಾಡ್ತಾನಲ್ಲ, ಅದಕ್ಕೇ ಆ ಹೆಸರು. ಅವನಿಗೆ ಕಾಲಲ್ಲಿ ಚಕ್ರ. ಅತ್ತಿಗೆಗೆ ಆಸ್ಪತ್ರೇಲಿ ನರ್ಸ್ ಕೆಲಸ, ಇವತ್ತು ಹಗಲು ನಾಳೆ ರಾತ್ರಿ. ಇಬ್ಬರಿಗೂ ಒಟ್ಟಿಗೆ ಶನಿವಾರ ಭಾನುವಾರ ರಜಾ ಸಿಕ್ತು ಅಂದ್ರೆ ಸಾಕು, ಆ ವಾರವೆಲ್ಲ ಮನೇಲಿ ಅದೇ ಮಾತು. ಎಲ್ಲಿಗೆ, ಯಾವ ದಾರಿ, ಎಷ್ಟೊತ್ತಿಗೆ ಹೊರಡೋದು. ಒಂದೇ ಕಟ್ಟಳೆ, ರಾಜ್ಯದ ಗಡಿ ದಾಟಬಾರದು. ಯಾರಾದ್ರೂ ಲಿಫ್ಟಲ್ಲಿ ಸಿಕ್ಕಾಕೊಂಡ್ರೆ ಅದೇ ದಿನ ವಾಪಸ್ ಬರೋ ಹಂಗಿರ್ಬೇಕು ಅಂತ ಕಂಪನಿಯವರ ಮಾತು. ದಾಟೋದು ಯಾಕೆ ಬಿಡು, ನಮ್ಮ ರಾಜ್ಯದೊಳಗೇ ಏನಿಲ್ಲ? ಬೆಟ್ಟ ಇದೆ, ಸಮುದ್ರ ಇದೆ, ಕಾಡಿದೆ, ಗುಹೆ ಇದೆ. ಎರಡು ದಿನ ಒಂದು ರಾತ್ರಿ ಸಾಕು, ಮನುಷ್ಯ ಹೊಸಬನಾಗಿ ಬರ್ತಾನೆ ಅಂತಿದ್ದ ಅವನು.

ಮೊದಲ ಸಲ ಹೊರಟಿದ್ದು ಬೆಟ್ಟಕ್ಕೆ. ಅಣ್ಣ, ಅತ್ತಿಗೆ, ಮಗಳು ಬಟಾಣಿ. ಬಟಾಣಿಗೆ ಆಗ ಐದೋ ಆರೋ. ದೊಡ್ಡಮ್ಮ ಹೋಗ್ಲಿಲ್ಲ. ಯಾವ ಚೀಲ ಎಲ್ಲಿಡೋದು ಅಂತ ಸೊಸೆ ಜೊತೆ ಮಾತಿಗೆ ಮಾತು ಬೆಳೆದು, ಮುಖ ಊದಿಸ್ಕೊಂಡು ಮನೇಲೇ ಉಳಿದ್ಲು.

ದಾರೀಲಿ ಪಂಕ್ಚರ್. ಟೈರು ಬದಲಾಯಿಸೋ ಹೊತ್ತಿಗೆ ಕತ್ತಲಾಯ್ತು. ಆಮೇಲೆ ಯಾವುದೋ ತಿರುವು ತಪ್ಪಿ, ಫೋನಲ್ಲಿ ಸಿಗ್ನಲ್ಲೂ ಹೋಗಿ, ಕೊನೆಗೆ ದೂರದಲ್ಲಿ ಒಂದು ದೀಪ ಕಾಣ್ತು. ದಾರಿ ಕಿರಿದು. ಕಾರು ರಸ್ತೇಲೇ ಬಿಟ್ಟು ನಡ್ಕೊಂಡು ಹೊರಟ್ರು.

ನಡುವೆ ಒಂದು ಬಾವಿ. ಕಟ್ಟೆ ಒಂದು ಕಡೆ ಒಡೆದಿತ್ತು. ಮೇಲೆ ಕಬ್ಬಿಣದ ರಾಟೆ.

ಕಿರ್ರ್... ಟಕ್.

ಕಿರ್ರ್... ಟಕ್.

ಯಾರೋ ನೀರು ಸೇದ್ತಾ ಇದಾರೆ ಅಂದ್ಕೊಂಡು ಅಣ್ಣ ಟಾರ್ಚ್ ಬಿಟ್ಟ. ಯಾರೂ ಇಲ್ಲ. ರಾಟೆ ಒಂದೇ ತಿರುಗ್ತಿತ್ತು. ಗಾಳಿಗೆ ಇರ್ಬೇಕು ಅಂದ ಅವನು. ಅತ್ತಿಗೆ ನೋಡಿದ್ದು ಬೇರೆ. ರಾಟೆಗೆ ಹಗ್ಗವೇ ಇರ್ಲಿಲ್ಲ. ಹಗ್ಗ ಇಲ್ಲದ ರಾಟೆಗೆ ಟಕ್ ಅನ್ನೋ ಭಾರ ಎಲ್ಲಿಂದ ಬಂತು ಅಂತ ನನ್ನ ಕೇಳಿದ್ಲು ಆಮೇಲೆ. ನನಗೇನು ಗೊತ್ತು.

ಮನೆ ಬಾಗಿಲಲ್ಲಿ ಒಂದು ಮುದುಕಿ ನಿಂತಿದ್ಲು. ಚಿಕ್ಕ ಆಳು, ಬೆನ್ನು ನೆಟ್ಟಗೆ. ಯಾರು ಏನು ಅಂತ ಕೇಳಲಿಲ್ಲ. ಒಳಗೆ ಕರೆದು, ಬಿಸಿನೀರು ಕೊಟ್ಟು, ಊಟ ಹಾಕಿ, ನಡುಮನೇಲಿ ಮೂರು ಹಾಸಿಗೆ ಹಾಸಿದ್ಲು. ನಮ್ಮತ್ತೆ ಮನೇಲೂ ಅಂಥ ಉಪಚಾರ ನಾನು ಕಂಡಿಲ್ಲ ಅಂದ್ಲು ಅತ್ತಿಗೆ. ದೊಡ್ಡಮ್ಮನಿಗೆ ಚುಚ್ಚೋಕೆ ಅಂತಲೇ ಅಂದಿದ್ದು, ಅದು ಬೇರೆ ವಿಷಯ.

ಬೆಳಗ್ಗೆ ಹೊರಟ್ರು. ಹೊರಡುವಾಗ ನಾವೆಲ್ಲ ಏನಂತೀವಿ? ಬರ್ತೀವಿ ಅಂತೀವಿ. ಹೋಗ್ತೀವಿ ಅನ್ನೋ ಮಾತು ಯಾರ ಬಾಯಲ್ಲಿ ಬರುತ್ತೆ? ಅಣ್ಣ ಬರ್ತೀನಿ ಅಜ್ಜಿ ಅಂದ. ಅತ್ತಿಗೆನೂ ಬರ್ತೀನಿ ಅಂದ್ಲು. ಮುದುಕಿ ತಲೆ ಆಡಿಸಿದ್ಲು. ಆಮೇಲೆ ಬಗ್ಗಿ, ಬಟಾಣಿ ಗದ್ದ ಹಿಡಿದು ಎತ್ತಿ, ಪಿಸುಗುಟ್ಟಿದ್ಲಂತೆ.

"ನೀನು?"

"ಬರ್ತೀನಿ," ಅಂತು ಮಗು.

"ಯಾವಾಗ?"

"ರಜಾ ಬಂದಾಗ."

ಅಷ್ಟೇ ಕಣೇ. ಬೇರೇನೂ ನಡೀಲಿಲ್ಲ. ಬೆಟ್ಟ ಹತ್ತಿದ್ರು, ಫೋಟೋ ತೆಗೆದ್ರು, ಮನೆಗೆ ಬಂದ್ರು.

ಮುಂದಿನ ಸಲ ಸಮುದ್ರ. ಬೆಟ್ಟ ಒಂದು ದಿಕ್ಕಾದ್ರೆ ಸಮುದ್ರ ಪೂರ್ತಿ ಇನ್ನೊಂದು ದಿಕ್ಕು. ಬಾಲ್ಕನಿಯಿಂದ ಅಲೆ ಕಾಣೋ ರೂಮು ಹಿಡಿದಿದ್ದ ಅಣ್ಣ. ಬಟಾಣಿ ಮನೆಯಿಂದಲೇ ಈಜೋ ಟೋಪಿ ಹಾಕ್ಕೊಂಡು ಹೊರಟಿತ್ತು. ಮಧ್ಯಾಹ್ನದ ಹೊತ್ತಿಗೆ ಕಿಟಕೀಲಿ ಉಪ್ಪುಗಾಳಿ ಬರೋಕೆ ಶುರುವಾಗಿತ್ತು ಅಂತಾಳೆ ಅತ್ತಿಗೆ. ಒಂದು ಕಡೆ ಸೇತುವೆ ಕೆಲಸ ನಡೀತಿದೆ ಅಂತ ಬೋರ್ಡು, ಬದಲಿ ದಾರಿ ಅಂತ ಬಾಣ. ಅಣ್ಣ ತಿರುಗಿಸಿದ. ಒಂದಷ್ಟು ದೂರ ಹೋದ್ರು. ಉಪ್ಪುಗಾಳಿ ನಿಂತೋಯ್ತು. ಸಂಜೆ ಆಗ್ತಾ ಬಂತು...

ಕಿರ್ರ್... ಟಕ್.

ಅಣ್ಣ ಬ್ರೇಕ್ ಹಾಕಿದ. ಎಡಗಡೆ ಅದೇ ಬಾವಿ, ಈ ಸಲ ರಸ್ತೆ ಪಕ್ಕದಲ್ಲೇ. ಒಡೆದ ಕಟ್ಟೆ. ಮುದುಕಿ ದಾರಿಗೇ ಬಂದು ನಿಂತಿದ್ಲು.

"ಬಂದ್ರಾ? ಹಾಸಿಗೆ ಹಾಸಿದೀನಿ."

ಏನ್ ಮಾಡ್ತಾರೆ ಪಾಪ. ಕತ್ತಲು, ಮಗು ಜೊತೇಲಿ, ಪೆಟ್ರೋಲು ತಳ ಕಂಡಿದೆ. ದಾರಿ ತಪ್ಪಿ ಬಂದ್ವಿ ಅಂತ ಒಬ್ಬರಿಗೊಬ್ಬರು ಹೇಳ್ಕೊಂಡು ಒಳಗೆ ಹೋದ್ರು. ಈ ಸಲ ನಡುಮನೇಲಿ ಎರಡೇ ಹಾಸಿಗೆ. ಮೂರನೇದು, ಚಿಕ್ಕದು, ಒಳಕೋಣೇಲಿ ಮುದುಕಿ ಹಾಸಿಗೆ ಪಕ್ಕ ಇತ್ತು. ಬಟಾಣಿ ಅಮ್ಮನ ಸೆರಗು ಬಿಟ್ಟು ಮಲಗಿದ ಕೂಸೇ ಅಲ್ಲ. ಅಂಥದ್ದು ತಾನೇ ಹೋಗಿ ಅಲ್ಲಿ ಮಲಕ್ಕೊಂಡ್ತು. ಅತ್ತಿಗೆ ರಾತ್ರಿಯೆಲ್ಲ ಆ ಕೋಣೆ ಹೊಸಿಲ ಮೇಲೆ ಕೂತಿದ್ಲು. ಬೆಳಗಾಗುತ್ತಲೂ ಮಗೂನ ಎತ್ಕೊಂಡು ಕಾರಿಗೆ ಓಡಿದ್ಲು. ಅಷ್ಟೆಲ್ಲ ಗಾಬರೀಲೂ, ನೋಡು, ತಿರುಗಿ ನೋಡಿ ಅಂದಿದ್ದೇನು? ಬರ್ತೀವಿ ಅಜ್ಜಿ. ನಾಲಿಗೆಗೆ ಅಷ್ಟು ಅಭ್ಯಾಸ.

ಅಲ್ಲಿಂದ ಶುರುವಾಯ್ತು ನೋಡು ಪೀಕಲಾಟ.

ಕೆಲಸದ ದಿನ ಏನೂ ಇಲ್ಲ. ಅಣ್ಣ ಊರೆಲ್ಲ ಸುತ್ತಿ ಲಿಫ್ಟು ರಿಪೇರಿ ಮಾಡ್ಕೊಂಡು ಬರ್ತಿದ್ದ. ರಜಾ ಅಂತ ಕಾರು ತೆಗೆದ್ರೆ ಮುಗೀತು. ಕಾಡಿಗೆ ಅಂತ ಹೊರಟ್ರೆ ಆ ಬಾವಿ. ಗುಹೆ ನೋಡೋಕೆ ಹೊರಟ್ರೆ ಆ ಬಾವಿ. ಪಕ್ಕದೂರಲ್ಲಿ ಅತ್ತಿಗೆ ತಂಗಿ ಮನೆಗೆ ಊಟಕ್ಕೆ ಅಂತ ಭಾನುವಾರ ಹೊರಟವರು, ಬಾವಿ ನೋಡಿ ಅಲ್ಲಿಂದಲೇ ಕಾರು ತಿರುಗಿಸ್ಕೊಂಡು ಬಂದ್ರು. ಊಟಕ್ಕೆ ಕಾದು ಕೂತ ತಂಗಿ ಅಕ್ಕನ ಜೊತೆ ಮಾತು ಬಿಟ್ಲು. ಏನಂತ ಹೇಳ್ತಾಳೆ ಇವಳು? ಯಾರು ನಂಬ್ತಾರೆ? ಕೊನೆಗೆ ರಜಾ ಬಂದ್ರೆ ಮೂರು ಜನ ಬಾಗಿಲು ಹಾಕ್ಕೊಂಡು ಮನೇಲಿ ಕೂರೋ ಹಂಗಾಯ್ತು. ಕಾಲಲ್ಲಿ ಚಕ್ರ ಇರೋನು ಸೋಫಾ ಮೇಲೆ ಕೂತು ಗೋಡೆ ನೋಡ್ತಿದ್ದ. ನನಗೆ ನೋಡೋಕಾಗ್ತಿರಲಿಲ್ಲ.

ಅದೂ ಹೋಗ್ಲಿ ಅನ್ನು. ಬಟಾಣಿ ಮಾತ್ರ ಶುಕ್ರವಾರ ಆದ್ರೆ ತನ್ನ ಪುಟ್ಟ ಚೀಲಕ್ಕೆ ಬಟ್ಟೆ ತುಂಬ್ಕೊಂಡು ಬಾಗಿಲ ಹತ್ರ ಕೂರ್ತಿತ್ತು. ಎಲ್ಲಿಗೆ ಅಂದ್ರೆ ಅಜ್ಜಿ ಮನೆಗೆ ಅಂತಿತ್ತು. ಅಜ್ಜಿ ಇಲ್ಲೇ ಇದಾಳಲ್ಲೇ ಅಂತ ದೊಡ್ಡಮ್ಮ ಅಂದ್ರೆ, ನೀನಲ್ಲ ಅಂತಿತ್ತು.

ದೊಡ್ಡಮ್ಮನಿಗೆ ಮೂಗಿನ ತುದೀಲೇ ಕೋಪ, ಈಗ್ಲೂ ಹಂಗೇ. ದಾರಿ ತಪ್ಪಿಸ್ಕೊಳ್ಳೋದು ನೀವು, ಹೆಸರು ದೆವ್ವಕ್ಕಾ ಅಂತ ಬೈದ್ಲು. ನಾನೂ ಬರ್ತೀನಿ ನಡೀರಿ, ಅದ್ಯಾವ ಮುದುಕಿ ನೋಡೇ ಬಿಡ್ತೀನಿ ಅಂತ ಮುಂದಿನ ಸೀಟಲ್ಲಿ ಕೂತ್ಲು. ಊರು ಬಿಟ್ಟ ಸ್ವಲ್ಪ ಹೊತ್ತಿಗೇ ಬಾವಿ ಬಂತು. ಹಾಡುಹಗಲಲ್ಲೇ ಹೊರಟಿದ್ರು, ತಲುಪಿದಾಗ ಮಾತ್ರ ಸಂಜೆ. ಒಳಗೆ ಮೂರೇ ಹಾಸಿಗೆ. ದೊಡ್ಡಮ್ಮನಿಗೆ ಹಾಸಿರಲಿಲ್ಲ. ಅವಳು ಕುರ್ಚೀಲೇ ಕೂತು ರಾತ್ರಿ ಕಳೆದ್ಲು.

ಬೆಳಗ್ಗೆ ಅತ್ತಿಗೆ ಹಟ ಹಿಡಿದ್ಲು. ಯಾರೂ ಏನೂ ಮಾತಾಡೋದು ಬೇಡ, ಬಾಯಿಗೆ ಬೀಗ ಹಾಕ್ಕೊಂಡು ಹೊರಟುಬಿಡೋಣ ಅಂತ. ಹಂಗೇ ಹೊರಟ್ರು. ಕಾರು ರಸ್ತೆಗೆ ಬಂತು. ತಿರುವು... ನೇರ... ತಿರುವು...

ಕಿರ್ರ್... ಟಕ್.

ಬಾವಿ.

ಎಡಕ್ಕೆ ತಿರುಗಿಸಿದ, ಬಾವಿ. ಬಲಕ್ಕೆ ತಿರುಗಿಸಿದ, ಬಾವಿ. ಹಿಂದಕ್ಕೆ ಹಿಂದಕ್ಕೇ ಓಡಿಸ್ಕೊಂಡು ಹೋದ. ಹಿಂದಿನ ಗಾಜಲ್ಲಿ ಮುದುಕಿ ದೊಡ್ಡದಾಗ್ತಾ ಬಂದ್ಲು. ಬಿಸಿಲು ಏರಲೂ ಇಲ್ಲ, ಇಳೀಲೂ ಇಲ್ಲ. ಎಷ್ಟು ಜನರನ್ನ ಮುಚ್ಚಿದ ಲಿಫ್ಟಿಂದ ಹೊರಗೆ ಎಳೆದಿದಾನೆ ಅಣ್ಣ, ಒಳಗಿದ್ದೋರಿಗೆ ಆಗೋ ಪ್ರಾಣಸಂಕಟ ಏನು ಅಂತ ಅವತ್ತು ಗೊತ್ತಾಯ್ತಂತೆ.

ಮುದುಕಿ ಕಾರಿನ ಕಿಟಕಿ ಹತ್ರ ಬಂದ್ಲು. ಸಿಟ್ಟಿಲ್ಲ. ದನಿ ತುಂಬ ಮೃದು ಅಂತಾಳೆ ಅತ್ತಿಗೆ.

"ಹೇಳದೇ ಹೋಗ್ತಾರಾ ಯಾರಾದ್ರೂ? ಮಗು ಸುಸ್ತಾಗಿದೆ. ಅವಳು ಇಲ್ಲೇ ಇರ್ಲಿ. ನೀವು ಬರ್ತಾ ಹೋಗ್ತಾ ಇರಿ."

ಬಟಾಣಿ ಬಾಗಿಲು ತೆಗೆಯೋಕೆ ಕೈ ಹಾಕ್ತು. ಅತ್ತಿಗೆ ಅದನ್ನ ಅಪ್ಪಿ ಹಿಡ್ಕೊಂಡ್ಲು. ಕೂಸು ಕೊಸರಾಡ್ತಿದೆ, ಅಜ್ಜಿ ಹತ್ರ ಬಿಡು ಅಂತ ಅಳ್ತಿದೆ. ಹೆತ್ತವಳಿಗೆ ಹೆಂಗಾಗಿರ್ಬೇಡ ಹೇಳು.

ಆಗ ದೊಡ್ಡಮ್ಮ ಮಗನ್ನ ಕೇಳಿದ್ಲು, ಮೊದಲನೇ ಸಲ ಹೊರಡುವಾಗ ಇವಳಿಗೆ ಏನಂತ ಹೇಳಿದ್ರೋ ಅಂತ. ಬರ್ತೀವಿ ಅಂದ್ವಮ್ಮ, ಇನ್ನೇನಂತಾರೆ ಅಂದ. ಎರಡನೇ ಸಲ? ಬರ್ತೀವಿ. ಮಗು? ಬರ್ತೀನಿ ಅಂತು. ಆ ಮಾತೇ ಕಟ್ಟಿಹಾಕಿದೆ ಅಂತ ದೊಡ್ಡಮ್ಮನಿಗೆ ಹೊಳೀತು. ಲಿಫ್ಟಣ್ಣನಿಗೂ ಆಗಲೇ ತಲೆಗೆ ಹೋಯ್ತಂತೆ. ಲಿಫ್ಟಿನ ಗುಂಡಿ ಒತ್ತಿದ ಮೇಲೆ ಒತ್ತಿದವರು ಮನಸ್ಸು ಬದಲಾಯಿಸಿದ್ರೂ ಲಿಫ್ಟು ಬಂದೇ ಬರುತ್ತೆ ಅಂತ ಅವನೇ ನೂರು ಸಲ ನಮಗೆಲ್ಲ ಹೇಳಿದಾನೆ.

"ಕೆಳಗಿಳೀರಿ," ಅಂದ್ಲು ದೊಡ್ಡಮ್ಮ. "ಒಬ್ಬೊಬ್ಬರಾಗಿ ಅವಳ ಮುಖ ನೋಡಿ ಹೋಗ್ತೀನಿ ಅನ್ನಿ."

ಇಷ್ಟೇನಾ ಅನ್ನಿಸುತ್ತೆ ಅಲ್ವಾ ನಿನಗೆ? ನೀನು ಈ ಮನೇಲಿ ಬೆಳೆದಿದ್ರೆ ಗೊತ್ತಾಗ್ತಿತ್ತು. ನಮ್ಮ ದೊಡ್ಡಪ್ಪ ಒಂದು ದಿನ ಯಾವುದೋ ಸಿಟ್ಟಲ್ಲಿ ಹೋಗ್ತೀನಿ ಅಂತ ಬಾಗಿಲು ದಾಟಿದವನು, ಸಂಜೆ ಅವನ ಹೆಣ ಬಂತು. ಅಲ್ಲಿಂದೀಚೆಗೆ ಆ ಮಾತು ನಮ್ಮ ಬಾಯಲ್ಲಿ ಬಂದ್ರೆ ಸಾಕು, ದೊಡ್ಡಮ್ಮ ಎಲ್ಲಿದ್ರೂ ಓಡಿ ಬಂದು 'ಬಿಡ್ತು ಅನ್ನು, ಬಿಡ್ತು ಅನ್ನು' ಅಂತ ತುಟಿ ಮೇಲೆ ಏಟು ಹಾಕೋಳು. ನಾನೂ ತಿಂದಿದೀನಿ. ಅದೇ ದೊಡ್ಡಮ್ಮ ಈಗ ಮಗನಿಗೆ, ಸೊಸೆಗೆ, ಮೊಮ್ಮಗಳಿಗೆ ಅನ್ನಿ ಅನ್ನಿ ಅಂತಿದಾಳೆ.

ಅಣ್ಣ ಬಾಯಿ ತೆಗೆದ. ಅಮ್ಮನ ಮುಖ ನೋಡಿದ. ಆಮೇಲೆ ಹೋಗ್ತೀನಿ ಅಂದ, ಅಂದವನು ಅಳೋಕೇ ಶುರು ಮಾಡಿದ. ಅತ್ತಿಗೆನೂ ಅಂದ್ಲು. ಮುದುಕಿ ಅವರಿಬ್ಬರನ್ನ ನೋಡಲೇ ಇಲ್ಲ. ಅವಳ ಕಣ್ಣು ಬಟಾಣಿ ಮೇಲೆ.

ಬಟಾಣಿಗೆ ಆ ಮಾತೇ ಗೊತ್ತಿಲ್ಲ ಕಣೇ. ಹುಟ್ಟಿದಾಗಿಂದ ಕೇಳಿದ್ರೆ ತಾನೇ ಬರೋಕೆ. ದೊಡ್ಡಮ್ಮ ಅದರ ಪಕ್ಕ ಮಂಡಿ ಊರಿ ಕೂತ್ಲು, ಆ ಮಂಡಿನೋವಲ್ಲೂ. ಕಿವೀಲಿ ಹೇಳ್ಕೊಟ್ಲು.

"ಹೋಗಿ..." ಅಂತು ಮಗು. "ಹೋಗಿ ಬ..."

ರಾಟೆ ನಿಂತೋಯ್ತು. ಎಲ್ಲ ಸದ್ದೂ ನಿಂತೋಯ್ತು ಅಂತಾಳೆ ಅತ್ತಿಗೆ. ಒಂದು ಎಲೆ ಅಲ್ಲಾಡೋದೂ ಕೇಳಿಸ್ತಿರಲಿಲ್ಲ. ಮುದುಕಿ ಬಗ್ಗಿದ್ಲು, ಮುಂದಿನ ಅಕ್ಷರ ಬಾಯಿಂದ ಕಿತ್ಕೊಳ್ಳೋ ಹಂಗೆ. ದೊಡ್ಡಮ್ಮ ಮಗು ಬಾಯಿ ಮುಚ್ಚಿದ್ಲು. ಇನ್ನೊಂದ್ಸಲ ಕಿವೀಲಿ ಹೇಳಿದ್ಲು. ಕೈ ತೆಗೆದ್ಲು.

"ಹೋಗ್ತೀನಿ."

ಯಾರೂ ಬಿಡ್ತು ಅನ್ನು ಅನ್ನಲಿಲ್ಲ. ಅತ್ತಿಗೆ ಮಗೂನ ಎತ್ತಿ ಕಾರಲ್ಲಿ ಹಾಕ್ಕೊಂಡ್ಲು. ಅಣ್ಣ ಗಾಡಿ ಶುರು ಮಾಡಿದ. ಎದುರಿಗೆ ರಸ್ತೆ, ಬಿಸಿಲು, ದೂರದಲ್ಲಿ ಲಾರಿ ಹೋಗೋ ಸದ್ದು, ಎಲ್ಲ ವಾಪಸ್ ಬಂತು. ದೊಡ್ಡಮ್ಮ ಕಾರಿಗೆ ಒಂದು ಕಾಲು ಇಟ್ಟಿದ್ಲು. ಹಿಂದಿಂದ ಮುದುಕಿ ಕರೆದ್ಲು.

"ಎಲ್ಲರೂ ಹೋದ್ರು... ನೀನು?"

ದೊಡ್ಡಮ್ಮ ತಿರುಗಿದ್ಲು.

"ಬರ್ತೀನಿ ತಾಯಿ," ಅಂದ್ಲು.

ಬಾಯಿ ತಪ್ಪಿ ಬಂತು ಅಂತಾನೆ ಅಣ್ಣ. ಇಷ್ಟು ವರ್ಷದ ಅಭ್ಯಾಸ, ಯಾರಾದ್ರೂ ಹಿಂದಿಂದ ಕರೆದ್ರೆ ಇನ್ನೇನು ಬರುತ್ತೆ ಅಂತ. ಅತ್ತಿಗೆ ಒಪ್ಪಲ್ಲ. ಅಷ್ಟು ದಿನ ಮಾತೆತ್ತಿದ್ರೆ ಜಗಳ ಆಡ್ತಿದ್ದ ಸೊಸೆ ಅವಳು, ಅವತ್ತಿಂದ ಅತ್ತೆಗೆ ಒಂದು ಎದುರು ಮಾತಾಡಿಲ್ಲ. ತಿರುಗೋ ಮುಂಚೆ ಅತ್ತೆ ಒಂದ್ಸಲ ಬಟಾಣಿನ ನೋಡಿದ್ರು ಅಂತಾಳೆ. ನಾನು ಅತ್ತಿಗೆ ಕಡೆ.

ಅಲ್ಲಿಂದ ಎಲ್ಲ ಸರಿಹೋಯ್ತು. ಸಮುದ್ರ ನೋಡಿದ್ರು. ಕಾಡಿಗೆ ಹೋದ್ರು, ಗುಹೆಗೆ ಹೋದ್ರು. ಬಟಾಣಿ ಈಗ ಶುಕ್ರವಾರ ಚೀಲ ತುಂಬೋದು ಸ್ಕೂಲಿನವರ ಕ್ಯಾಂಪಿಗೆ ಮಾತ್ರ. ಆ ಅಜ್ಜಿ ನೆನಪಿದ್ಯಾ ಅಂದ್ರೆ ಯಾವ ಅಜ್ಜಿ ಅನ್ನುತ್ತೆ.

ದೊಡ್ಡಮ್ಮ ಮಾತ್ರ ಗಾಡಿ ಹತ್ತಲ್ಲ. ಬಟಾಣಿಗಾದ್ರೆ ರಜಾ ದಿನ ಅಂತ ಇತ್ತು. ಮನೇಲೇ ಕೂತಿರೋ ಇವಳಿಗೆ ಯಾವುದು ರಜಾ, ಯಾವುದು ಕೆಲಸದ ದಿನ? ಎಲ್ಲ ದಿನವೂ ರಜಾನೇ.

ಇದನ್ನ ನಾನೂ ನಂಬಿರಲಿಲ್ಲ, ನಿನ್ನಾಣೆ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮಾಡಿಸಿದ್ರೆ ಪೂರ್ತಿ ಕಾಣುತ್ತೆ, ಅರ್ಧ ಗಂಟೆ ಕೆಲಸ ಅಂತ ಅತ್ತಿಗೆ ಆಸ್ಪತ್ರೆ ಡಾಕ್ಟರು ಹೇಳಿದಾರೆ. ಇವಳು ಬರಲ್ಲ ಅಂದ್ರೆ ಬರಲ್ಲ. ಹೋದ ವರ್ಷ ನನಗೆ ರೇಗಿಹೋಯ್ತು. ಇವರದ್ದೆಲ್ಲ ಹುಚ್ಚಾಟ ಅಂತ ಕೈ ಹಿಡಿದು ಎಬ್ಬಿಸಿ ಆಟೋಲಿ ಕೂರಿಸ್ದೆ. ನಾನೇ ಪಕ್ಕದಲ್ಲಿ. ನಮ್ಮ ಬೀದಿ ದಾಟಿದ್ವಿ. ಔಷಧಿ ಅಂಗಡಿ ದಾಟಿದ್ವಿ. ಸಿಗ್ನಲ್ ಹತ್ರ ಎಡಕ್ಕೆ ತಿರುಗಿದ್ರೆ ಆಸ್ಪತ್ರೆ ಕಾಣ್ಬೇಕು. ಆಟೋ ಎಡಕ್ಕೆ ತಿರುಗ್ತು.

ಹಾರ್ನು ಸದ್ದು ನಿಂತೋಯ್ತು. ಜನರ ಸದ್ದು ನಿಂತೋಯ್ತು. ಎರಡೂ ಕಡೆ ಬಯಲು. ಡ್ರೈವರ್ ಹಿಂದೆ ತಿರುಗಿ, ಇದ್ಯಾವ ರಸ್ತೆ ಮೇಡಂ ಅಂದ. ದೊಡ್ಡಮ್ಮ ನನ್ನ ಕೈ ಒತ್ತಿದ್ಲು. ಅವಳಿಗೆ ಕಣ್ಣು ಕಾಣಲ್ಲ, ಕಿವಿ ಚುರುಕು.

"ಕೇಳಿಸ್ತಾ?" ಅಂದ್ಲು.

ಕಿರ್ರ್... ಟಕ್.

ಕೇಳಿಸ್ತು ಕಣೇ. ಇದೇ ಎರಡು ಕಿವೀಲಿ ಕೇಳಿಸ್ಕೊಂಡೆ. ತಿರುಗಿಸಪ್ಪಾ ತಿರುಗಿಸು ಅಂದೆ. ಆ ಹುಡುಗ ಹೆಂಗೆ ತಿರುಗಿಸಿದ್ನೋ, ಔಷಧಿ ಅಂಗಡಿ ಮುಂದೆ ಬಂದು ನಿಂತಾಗ ಅವನ ಶರ್ಟು ಬೆವರಲ್ಲಿ ತೊಯ್ದು ಹೋಗಿತ್ತು.

ಅವತ್ತು ರಾತ್ರಿ ನಾನು ಅವಳ ಕಾಲು ಹಿಡ್ಕೊಂಡೆ. ಒಂದೇ ಒಂದು ಸಲ ಹೋಗಿ, ಹೋಗ್ತೀನಿ ಅಂತ ಅಂದು ಬಂದುಬಿಡು ದೊಡ್ಡಮ್ಮ, ನಾನೇ ಜೊತೇಲಿ ಬರ್ತೀನಿ, ನಿನಗೆ ಕಣ್ಣಾದ್ರೂ ಉಳಿಯುತ್ತೆ ಅಂದೆ. ಅವಳು ನನ್ನ ತಲೆ ಸವರಿದ್ಲು. ಪಕ್ಕದ ಕೋಣೇಲಿ ಬಟಾಣಿ ಪಾಠ ಓದ್ಕೊಳ್ತಿತ್ತು, ಆ ದನಿ ಇರೋ ಕಡೆಗೆ ಮುಖ ತಿರುಗಿಸಿದ್ಲು.

"ನಾನೂ ಹೋಗ್ತೀನಿ ಅಂದ್ರೆ, ಆ ಮುದುಕಿ ಆಮೇಲೆ ಯಾರನ್ನ ಕೇಳ್ತಾಳೆ?" ಅಂದ್ಲು.

ಅವತ್ತಿಂದ ಆ ವಿಷಯ ನಾನು ಎತ್ತಿಲ್ಲ. ನೀನೂ ಎತ್ತಬೇಡ. ಶನಿವಾರ ನೀವಿಬ್ಬರೂ ಆರಾಮಾಗಿ ಹೋಗಿ ಬನ್ನಿ, ಎಲ್ಲಿಗೆ ಬೇಕಾದ್ರೂ ಹೋಗಿ. ಆ ಸೀಟು ಖಾಲಿ ಇರ್ಲಿ.

ನಂಬಿಕೆ ಬರಲಿಲ್ಲ ಅಲ್ವಾ? ಮುಖ ನೋಡಿದ್ರೇ ಗೊತ್ತಾಗುತ್ತೆ. ನಾನು ಸುಳ್ಳು ಹೇಳಿ ನನಗೇನು ಬರ್ಬೇಕು? ಹೆಂಗೂ ಇವತ್ತು ಇಲ್ಲೇ ಮಲಗ್ತೀಯ. ಬೆಳಗ್ಗೆ ದೊಡ್ಡಮ್ಮನಿಗೆ ಕಾಫಿ ಲೋಟ ಕೊಡುವಾಗ ಅವಳ ಅಂಗೈ ನೋಡು. ಏನೂ ಕೇಳ್ಬೇಡ, ಸುಮ್ಮನೆ ನೋಡು. ಎರಡೂ ಅಂಗೈಗೆ ಅಡ್ಡಡ್ಡ ಹಗ್ಗ ಉಜ್ಜಿದ ಗೆರೆ ಇದೆ, ಕೆಂಪಗೆ, ಹಸಿ ಹಸಿ. ಅತ್ತಿಗೆ ದಿನಾ ಮುಲಾಮು ಹಚ್ತಾಳೆ, ಬೆಳಗಾದ್ರೆ ಮತ್ತೆ ಹಂಗೇ ಇರುತ್ತೆ.

ಈ ಮನೇಲಿ ನಲ್ಲಿ ಇದೆ. ಬಾವಿ ಈ ಬೀದೀಲೇ ಇಲ್ಲ.